ಮಗು ಅಜ್ಜಿಯ ಹತ್ತಿರ ಇದೆ, ಅಜ್ಜಿ ಹೇಗಿದ್ದಾರೆ?

ಕೇಳುಗರೇ, ನಮಸ್ಕಾರ.

'ಮಗುವನ್ನು ಅಜ್ಜಿ ನೋಡಿಕೊಳ್ಳುತ್ತಾರೆ.' ಈ ಮಾತು ಕಿವಿಗೆ ಬಿದ್ದರೆ ಸಾಕು, ಎಲ್ಲರಿಗೂ ನಿರಾಳ. ಮಗು ಊಟ ಮಾಡಿತಾ, ಮಲಗಿತಾ ಅಂತ ಮತ್ತೆ ಮತ್ತೆ ಫೋನ್ ಬರುತ್ತದೆ. ಅಜ್ಜಿ ಊಟ ಮಾಡಿದರಾ, ಅಜ್ಜನಿಗೆ ಮಧ್ಯಾಹ್ನ ಸ್ವಲ್ಪ ಹೊತ್ತು ಒರಗಲು ಬಿಡುವು ಸಿಕ್ಕಿತಾ ಅಂತ ಕೇಳುವವರು ಕಡಿಮೆ. ಇವತ್ತು ಅವರ ಬಗ್ಗೆ ಮಾತಾಡೋಣ.

ಮೊದಲು ಒಳ್ಳೆಯ ಸುದ್ದಿ. ಜರ್ಮನಿಯ ಬರ್ಲಿನ್‌ನಲ್ಲಿ 70 ದಾಟಿದ ಐನೂರಕ್ಕೂ ಹೆಚ್ಚು ಜನರ ಬದುಕನ್ನು ಸಂಶೋಧಕರು 1990ರಿಂದ 2009ರವರೆಗೆ ಗಮನಿಸುತ್ತಾ ಬಂದರು. ಆಗಾಗ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಅರ್ಧದಷ್ಟು ಜನ ಮೊದಲ ಸಂದರ್ಶನವಾಗಿ ಸುಮಾರು ಹತ್ತು ವರ್ಷವಾದರೂ ಬದುಕಿದ್ದರು. ಯಾರ ಆರೈಕೆಯನ್ನೂ ಮಾಡದೆ ಇದ್ದವರಲ್ಲಿ ಅರ್ಧದಷ್ಟು ಜನ ಸುಮಾರು ಐದು ವರ್ಷದೊಳಗೇ ತೀರಿಕೊಂಡಿದ್ದರು. ಈ ವಿವರ 2017ರಲ್ಲಿ ಪ್ರಕಟವಾಯಿತು.

ಮೊದಲೇ ಗಟ್ಟಿಮುಟ್ಟಾಗಿ ಇದ್ದವರು ತಾನೇ ಮಗುವನ್ನು ಎತ್ತಿ ಆಡಿಸಿರುತ್ತಾರೆ, ಅದಕ್ಕೇ ಜಾಸ್ತಿ ಬದುಕಿದರು ಅಂತ ನಿಮಗೆ ಅನ್ನಿಸಬಹುದು. ನ್ಯಾಯವಾದ ಅನುಮಾನ. ಸಂಶೋಧಕರು ವಯಸ್ಸು, ಆರೋಗ್ಯ, ಹಣಕಾಸಿನ ಸ್ಥಿತಿ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ನೋಡಿದರು, ವ್ಯತ್ಯಾಸ ಉಳಿಯಿತು. ಹಾಗಂತ ಮೊಮ್ಮಕ್ಕಳಿಂದಲೇ ಆಯಸ್ಸು ಹೆಚ್ಚಿತು ಅಂತ ಖಡಾಖಂಡಿತವಾಗಿ ಹೇಳಲು ಬರುವುದಿಲ್ಲ. ಒಂದು ವಿಷಯ ಮಾತ್ರ ನನಗೆ ತುಂಬ ಹಿಡಿಸಿತು. ಸ್ವಂತ ಮಕ್ಕಳಿಲ್ಲದವರಲ್ಲೂ, ಬೇರೆಯವರಿಗೆ ನೆರವಾಗುತ್ತಿದ್ದವರು ಸುಮ್ನೆ ಇದ್ದವರಿಗಿಂತ ಹೆಚ್ಚು ಕಾಲ ಬದುಕಿದ್ದರು. ನಾನು ಯಾರಿಗೋ ಬೇಕು ಅನ್ನುವ ಭಾವನೆಯೇ ಮನುಷ್ಯನನ್ನು ಎತ್ತಿ ಹಿಡಿಯುತ್ತದೆ ಅಂತ ನಾನು ನಂಬುತ್ತೇನೆ.

ಮೂರು ವರ್ಷದ ಮಗು ಮನೆಯಲ್ಲಿದ್ದರೆ ಏನೇನು ನಡೆಯುತ್ತದೆ ನೋಡಿ. ಚೆಂಡು ಮಂಚದ ಕೆಳಗೆ ಹೋಯಿತು, ಅಜ್ಜ ಬಗ್ಗಬೇಕು. ಮಗು ಬಾಗಿಲ ಕಡೆ ಓಡಿತು, ಅಜ್ಜ ಏಳಬೇಕು. ಅಜ್ಜಿ ಅದೇ ಕಥೆಯನ್ನು ಮತ್ತೆ ಹೇಳಬೇಕು. ನಿದ್ದೆಗಣ್ಣಿನಲ್ಲಿ ನರಿಯ ಬದಲು ಕರಡಿ ಅಂದರೆ ಮುಗೀತು. 'ಅಲ್ಲ ಅಜ್ಜಿ, ನರಿ!' ಅಂತ ಮಗು ಎದ್ದು ಕೂರುತ್ತದೆ. ಮೈಗೂ ಕೆಲಸ, ನೆನಪಿಗೂ ಕೆಲಸ. ಜೊತೆಗೆ ಮನೆಯಲ್ಲಿ ಮಾತು. ಇಡೀ ದಿನ ಯಾರೊಂದಿಗೂ ಮಾತಾಡದೆ ಸಂಜೆಯಾಗುವ ಹಿರಿಯರಿಗೆ ಇದು ಎಷ್ಟು ದೊಡ್ಡದು ಅಂತ ಅವರನ್ನೇ ಕೇಳಬೇಕು.

ಆದರೆ ಎಷ್ಟು ಹೊತ್ತು? ಎಲ್ಲಾ ನಿಂತಿರುವುದು ಇದರ ಮೇಲೆ.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 57ರಿಂದ 68 ವರ್ಷದ 186 ಮಹಿಳೆಯರಿಗೆ ನೆನಪು, ಯೋಚನೆಯ ವೇಗ ಇಂಥವನ್ನು ಅಳೆಯುವ ಪರೀಕ್ಷೆ ಕೊಟ್ಟರು. 2014ರಲ್ಲಿ ಅದರ ಫಲಿತಾಂಶ ಬಂತು. ವಾರಕ್ಕೆ ಒಂದು ದಿನ ಮೊಮ್ಮಕ್ಕಳನ್ನು ನೋಡಿಕೊಂಡವರು ಚೆನ್ನಾಗಿ ಮಾಡಿದ್ದರು. ಐದು ದಿನ ಅಥವಾ ಅದಕ್ಕೂ ಜಾಸ್ತಿ ನೋಡಿಕೊಂಡವರು ಒಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ಸ್ವಂತ ಮಕ್ಕಳು ನಮ್ಮಿಂದ ತೀರಾ ಜಾಸ್ತಿ ನಿರೀಕ್ಷೆ ಮಾಡುತ್ತಾರೆ ಅನ್ನುವ ಬೇಸರವೂ ಇವರಲ್ಲೇ ಹೆಚ್ಚಿತ್ತು. ಅದೇ ಮಗು, ಅದೇ ಪ್ರೀತಿ. ಬದಲಾದದ್ದು ದಿನಗಳ ಲೆಕ್ಕ.

ಅಮೆರಿಕದ 54 ಸಾವಿರಕ್ಕೂ ಹೆಚ್ಚು ನರ್ಸ್‌ಗಳ ಅಧ್ಯಯನ ಇನ್ನೂ ಕಟುವಾದ ಮಾತು ಹೇಳಿತು. 2003ರಲ್ಲಿ ಪ್ರಕಟವಾದ ಅದರ ಪ್ರಕಾರ, ವಾರಕ್ಕೆ 9 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಮೊಮ್ಮಕ್ಕಳನ್ನು ನೋಡಿಕೊಂಡವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತ್ತು. ಬರ್ಲಿನ್‌ನದು ಒಂದು ಚಿತ್ರ, ಇದು ಇನ್ನೊಂದು. ಗೊಂದಲ ಆಗುತ್ತೆ ಅಲ್ವಾ? ಬರ್ಲಿನ್‌ನಲ್ಲಿ ಲೆಕ್ಕಕ್ಕೆ ತೆಗೆದುಕೊಂಡದ್ದು ಆಗೊಮ್ಮೆ ಈಗೊಮ್ಮೆ ಕೈಜೋಡಿಸಿದವರನ್ನು. ಮೊಮ್ಮಕ್ಕಳ ಪೂರ್ತಿ ಹೊಣೆ ಹೊತ್ತವರು ಅದರಲ್ಲಿ ಇರಲಿಲ್ಲ.

ಆ ಪೂರ್ತಿ ಹೊಣೆಯವರ ಕಷ್ಟವೇ ಬೇರೆ. ಅಪ್ಪ ಅಮ್ಮ ತೀರಿಕೊಂಡೋ, ದೂರವಾಗಿಯೋ, ಮಗು ಅಜ್ಜ ಅಜ್ಜಿಯ ಮಡಿಲಿಗೆ ಬಂದಿರುತ್ತದೆ. ಇಂಥವರಲ್ಲಿ ಖಿನ್ನತೆ ಹೆಚ್ಚು ಅಂತ ಹಲವು ಅಧ್ಯಯನಗಳು ತೋರಿಸಿವೆ. ಮಗ ಹೋದ ದುಃಖ ಎದೆಯಲ್ಲಿ, ಮಗನ ಮಗು ಕೈಯಲ್ಲಿ. ಇವರಿಗೆ 'ನೀವು ಪುಣ್ಯವಂತರು' ಅಂದುಬಿಟ್ಟರೆ ಸಾಲದು. ಹಣದ ನೆರವು ಬೇಕು, ಕೆಲಸಕ್ಕೆ ಇನ್ನೊಬ್ಬರ ಕೈ ಬೇಕು, ಮನಸ್ಸು ಬಿಚ್ಚಿ ಮಾತಾಡಲು ಜನ ಬೇಕು.

ಉಳಿದ ಮನೆಗಳಲ್ಲಿ ನನಗೆ ಕಾಣುವ ತೊಂದರೆ ಒಂದೇ. ಯಾರೂ ಕೇಳುವುದಿಲ್ಲ. ಒಂದು ವಾರಕ್ಕೆ ಅಂತ ಶುರುವಾದದ್ದು ಹಾಗೇ ಎರಡು ವರ್ಷವಾಗುತ್ತದೆ. ಮಂಡಿ ನೋವಿನ ಮಾತ್ರೆ ಮುಗಿದಿರುತ್ತದೆ, ಕಣ್ಣಿನ ತಪಾಸಣೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಗೆಳತಿಯರ ಜೊತೆಗಿನ ಸಂಜೆಯ ನಡಿಗೆ ಯಾವಾಗ ನಿಂತಿತೋ ಅಜ್ಜಿಗೂ ನೆನಪಿರುವುದಿಲ್ಲ.

ಅಪ್ಪ ಅಮ್ಮಂದಿರೇ, ಈ ವಾರವೇ ಕೂತು ಮಾತಾಡಿ. ಯಾವ ದಿನ ಆಗುತ್ತದೆ, ಯಾವ ದಿನ ಆಗುವುದಿಲ್ಲ, ಮಗುವಿಗೆ ಜ್ವರ ಬಂದರೆ ರಜೆ ಹಾಕುವವರು ಯಾರು, ಅಂತ ಬಾಯಿಬಿಟ್ಟು ಕೇಳಿ. ಮಗು ಅವರ ತೊಡೆಯ ಮೇಲೆ ಕೂತಿರುವಾಗ ಮಾತ್ರ ಕೇಳಬೇಡಿ. ಆಗ ಯಾವ ಅಜ್ಜಿಯ ಬಾಯಲ್ಲೂ 'ಆಗಲ್ಲ' ಅನ್ನುವ ಮಾತು ಬರುವುದಿಲ್ಲ.

ನಮಸ್ಕಾರ.