ಮುನ್ನೂರು ಕರಪತ್ರ, ಒಂದು ರಬ್ಬರ್ ಮೊಹರು: ಬಂದರಿನಲ್ಲಿ ನನ್ನ ಇಂಟರ್ನ್‌ಶಿಪ್

ನಮಸ್ಕಾರ. ಈಗ ನೀವು ನೋಡುತ್ತಿರುವುದು ಮಂಗಳೂರಿನ ಬಂದರು ಪ್ರದೇಶದ ಒಂದು ಓಣಿ. ಒಣಮೆಣಸು, ಒಣಮೀನು, ಗೋಣಿಚೀಲಗಳ ವಾಸನೆ ಕ್ಯಾಮೆರಾಕ್ಕೆ ಸಿಗುವುದಿಲ್ಲ ಎಂಬುದೊಂದೇ ಕೊರತೆ. ಇಲ್ಲಿನ ಹಂಚಿನ ಮಾಡಿನ ಕಟ್ಟಡವೊಂದರ ಉಪ್ಪರಿಗೆಯಲ್ಲಿ ಸಣ್ಣ ವ್ಯಾಪಾರಿಗಳ ಮತ್ತು ಗೃಹೋದ್ಯಮಿಗಳ ಸಂಘದ ಕಚೇರಿಯಿದೆ. ವಾಣಿಜ್ಯ ವಿಭಾಗದ ವಿದ್ಯಾರ್ಥಿಯಾದ ನಾನು 2025ರ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ಅಲ್ಲಿ ಇಂಟರ್ನ್ ಆಗಿ ಕಳೆದೆ.

ಮೊದಲ ವಾರ ಸದಸ್ಯರ ದೂರವಾಣಿ ಸಂಖ್ಯೆಗಳನ್ನು ತಿದ್ದುವುದರಲ್ಲಿ ಹೋಯಿತು. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಎರಡನೇ ವಾರ ಕಾರ್ಯದರ್ಶಿಗಳು ಉದ್ಯಮ್ ನೋಂದಣಿಯ, ಅಂದರೆ ಸಣ್ಣ ಉದ್ಯಮಗಳು ಕೇಂದ್ರ ಸರ್ಕಾರದಲ್ಲಿ ಹೆಸರು ದಾಖಲಿಸುವ ವ್ಯವಸ್ಥೆಯ, ಕುರಿತ ಹಳೆಯ ಕರಪತ್ರವೊಂದನ್ನು ಕೈಗಿತ್ತು, ಹೊಸದಾಗಿ ಬರೆಯಲು ಹೇಳಿದರು. ಅದಕ್ಕೆ ಕಾರಣವಿತ್ತು. ಆ ವರ್ಷದ ಏಪ್ರಿಲ್ 1ರಿಂದ ಸೂಕ್ಷ್ಮ ಉದ್ಯಮದ ಮಿತಿ ಬದಲಾಗಿ, ಯಂತ್ರೋಪಕರಣಗಳ ಹೂಡಿಕೆ 1 ಕೋಟಿಯಿಂದ 2.5 ಕೋಟಿ ರೂಪಾಯಿಗೂ ವಾರ್ಷಿಕ ವಹಿವಾಟು 5 ಕೋಟಿಯಿಂದ 10 ಕೋಟಿಗೂ ಏರಿತ್ತು. ಅಂಕಿಗಳನ್ನು ನಾನು ಸರಿಯಾಗಿಯೇ ಬರೆದೆ. ಉದ್ಯಮ್ ನೋಂದಣಿಗೆ ಸರ್ಕಾರ ಒಂದು ಪೈಸೆಯನ್ನೂ ಪಡೆಯುವುದಿಲ್ಲ, ಮಧ್ಯವರ್ತಿಗಳಿಗೆ ಹಣ ಕೊಡಬೇಡಿ ಎಂದೂ ಸೇರಿಸಿದೆ. ಆದರೆ ಕೊನೆಯ ಪ್ಯಾರಾದಲ್ಲಿ, ನೋಂದಾಯಿಸಿಕೊಂಡ ಪ್ರತಿಯೊಬ್ಬರಿಗೂ ಖರೀದಿದಾರರು 45 ದಿನಗಳೊಳಗೆ ಹಣ ಪಾವತಿಸಲೇಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು ಎಂದು ಬರೆದು, ಯಾರಿಗೂ ತೋರಿಸದೆ ಮುನ್ನೂರು ಪ್ರತಿ ಅಚ್ಚು ಹಾಕಿಸಿಬಿಟ್ಟೆ.

ಅಷ್ಟಕ್ಕೇ ನಿಲ್ಲಲಿಲ್ಲ. ಕೆಳಗಿನ ಅಂಗಡಿಯ ಅಕ್ಕಿ, ಈರುಳ್ಳಿಯ ಸಗಟು ವ್ಯಾಪಾರಿಗಳೊಬ್ಬರಿಗೆ ಮೊದಲ ಪ್ರತಿಯನ್ನು ನಾನೇ ಓದಿ ಹೇಳಿದೆ. ಅವರ ಸರಕು ಹಳೆ ಬಂದರಿನಿಂದ ಮಂಜಿ ಎಂಬ ಮರದ ಸರಕು ಹಡಗುಗಳಲ್ಲಿ ಲಕ್ಷದ್ವೀಪಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಮಂಜಿಗಳು ಕಡಲಿಗಿಳಿಯದ ಕಾರಣ, ಒಂದಷ್ಟು ಬಾಕಿ ಮುಂದಿನ ಋತುವಿನವರೆಗೂ ಪುಸ್ತಕದಲ್ಲೇ ಉಳಿಯುತ್ತದೆ. ಅವರು ಕನ್ನಡಕ ಏರಿಸಿ ಕಾಗದವನ್ನು ನೋಡಿ, "ಒಳ್ಳೆಯದಾಯಿತು ಮಗಾ" ಎಂದಷ್ಟೇ ಹೇಳಿ ಅದನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟರು.

ಮರುದಿನ ಕಾರ್ಯದರ್ಶಿಗಳು ಕೇಳಿದ್ದು ಒಂದೇ ಪ್ರಶ್ನೆ: "2021ರ ಜುಲೈ 2ರ ಆದೇಶವನ್ನು ಪೂರ್ತಿ ಓದಿದ್ದೀರಾ?" ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿಗೆ ಅವಕಾಶ ಕೊಟ್ಟ ಆದೇಶ ಅದು. ಆದರೆ ಅವರಿಗೆ ಸಿಗುವ ಪ್ರಯೋಜನ ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕೆ (ಬ್ಯಾಂಕುಗಳು ಕೆಲವು ವರ್ಗಗಳಿಗೆಂದೇ ಕಡ್ಡಾಯವಾಗಿ ಕೊಡಬೇಕಾದ ಸಾಲಕ್ಕೆ) ಮಾತ್ರ ಸೀಮಿತವೆಂದು ಅದರಲ್ಲೇ ಹೇಳಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ 45 ದಿನಗಳ ರಕ್ಷಣೆ ಇರುವುದು ವಸ್ತು ತಯಾರಿಸುವ ಅಥವಾ ಸೇವೆ ಒದಗಿಸುವ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ. ಕೊಂಡು ಮಾರುವವರಿಗೆ ಅದಿಲ್ಲ. ನಮ್ಮ ಸಂಘದ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೊಂಡು ಮಾರುವವರೇ. ಆದೇಶದ ಮೊದಲ ಸಾಲುಗಳನ್ನಷ್ಟೇ ಓದಿ ನಾನು ಕಾನೂನು ಪಂಡಿತನಾಗಿದ್ದೆ.

ಕರಪತ್ರಗಳನ್ನು ಎಸೆಯಲು ಅವರು ಒಪ್ಪಲಿಲ್ಲ. ಹಂಪನಕಟ್ಟೆಗೆ ಹೋಗಿ ಒಂದು ರಬ್ಬರ್ ಮೊಹರು ಮಾಡಿಸಿ ತಂದೆ. "ಉತ್ಪಾದಕರಿಗೆ ಮತ್ತು ಸೇವಾ ಘಟಕಗಳಿಗೆ ಮಾತ್ರ" ಎಂಬ ನೇರಳೆ ಅಕ್ಷರಗಳನ್ನು ಕೊನೆಯ ಪ್ಯಾರಾದ ಪಕ್ಕದಲ್ಲಿ ಒಂದೊಂದಾಗಿ ಒತ್ತುತ್ತ ಹೋದಾಗ, ಇನ್ನೂರನೆಯದರ ಹೊತ್ತಿಗೆ ಹೆಬ್ಬೆರಳು ಮರಗಟ್ಟಿತ್ತು. ತೆರೆಯ ಮೇಲೆ ಈಗ ಕಾಣುತ್ತಿರುವುದು ಆ ಮೊಹರೇ.

ಆಮೇಲೆ ಗಲ್ಲಾಪೆಟ್ಟಿಗೆಯಲ್ಲಿದ್ದ ಪ್ರತಿಯನ್ನು ಬದಲಾಯಿಸಲು ಹೋದೆ. ತಪ್ಪನ್ನು ಒಪ್ಪಿಕೊಂಡಾಗ ಸಾಹುಕಾರರು ನಕ್ಕು, "ದ್ವೀಪದವರಿಗೆ ನಾನು ನೋಟಿಸು ಕಳಿಸಿದರೆ ಅವರು ಮುಂದಿನ ಮಂಜಿಯಲ್ಲಿ ಬೇರೆಯವರ ಅಕ್ಕಿ ತರಿಸುತ್ತಾರೆ ಮಗಾ. ಸಾಲದ ವಿಷಯ ಹೇಳು, ಅದು ನನಗೆ ಬೇಕು" ಎಂದರು. ಬ್ಯಾಂಕಿಗೆ ಕೊಡಬೇಕಾದ ಕಾಗದಗಳನ್ನು ನಾವಿಬ್ಬರೂ ಕುಳಿತು ಜೋಡಿಸಿದೆವು.

ಆ ಪ್ಯಾರಾ ನಿಜವಾಗಿ ಬೇಕಾಗಿದ್ದದ್ದು ಯೆಯ್ಯಾಡಿ ಕಡೆ ಹಲಸಿನ ಹಪ್ಪಳ ಮಾಡುವ ಅಕ್ಕನಿಗೆ. ಅವರು ಎರಡು ವರ್ಷಗಳ ಹಿಂದೆಯೇ ನೋಂದಾಯಿಸಿಕೊಂಡಿದ್ದರು. ದೊಡ್ಡ ಅಂಗಡಿಯೊಂದು ಅವರಿಗೆ ಮೂರು ತಿಂಗಳಾದರೂ ಹಣ ಕೊಡುತ್ತಿರಲಿಲ್ಲ. ನಾನು ಹೋದಾಗ ಅಂಗಳದ ಚಾಪೆಯ ಮೇಲೆ ಹಪ್ಪಳ ಹರಡಿದ್ದರು. "ಬಲೆ, ಕುಲ್ಲುಲೆ" (ಬನ್ನಿ, ಕುಳಿತುಕೊಳ್ಳಿ) ಎಂದು ತುಳುವಿನಲ್ಲಿ ಹೇಳಿ ಕೂರಿಸಿ, ಮಾತಿನ ನಡುವೆಯೂ ಒಂದೊಂದನ್ನೇ ಮಗುಚುತ್ತಿದ್ದರು. ತಡವಾದ ಪಾವತಿಗಳ ದೂರಿಗೆಂದೇ ಸರ್ಕಾರ ಮಾಡಿದ್ದ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು ಎಂದೆ. "ದೂರು ಕೊಟ್ಟರೆ ನಾಳೆ ಹಪ್ಪಳ ಯಾರಿಗೆ ಮಾರಲಿ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಕಾಯ್ದೆ ಅವರ ಪರವಾಗಿದ್ದರೂ ಮಾರಲು ಅವರಿಗಿದ್ದದ್ದು ಅದೊಂದೇ ಅಂಗಡಿ.

ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು. ಹೊಸ ಬಿಲ್ ಪುಸ್ತಕದಲ್ಲಿ ಉದ್ಯಮ್ ಸಂಖ್ಯೆಯನ್ನೂ ಅದರ ಕೆಳಗೆ "ಪಾವತಿ 45 ದಿನಗಳೊಳಗೆ" ಎಂಬ ಸಾಲನ್ನೂ ಅಚ್ಚು ಹಾಕಿಸಿದರು. ಆ ವರ್ಷ ಮೇ ಮುಗಿಯುವ ಮೊದಲೇ ಮಳೆ ಹಿಡಿದು ಚಾಪೆಗಳೆಲ್ಲ ಒಳಗೆ ಹೋದವು. ನಾನು ಕಚೇರಿ ಬಿಡುವ ದಿನ ಅಕ್ಕ ಫೋನ್ ಮಾಡಿ, ಹಳೆಯ ಬಾಕಿಯಲ್ಲಿ ಅರ್ಧ ಬಂದಿದೆ ಎಂದರು.