ಮೊದಲು ಊಹೆ ಬರೆಯಿರಿ, ಆಮೇಲೆ ಉತ್ತರ ನೋಡಿ

ಕೇಳುಗ ಮಿತ್ರರಿಗೆಲ್ಲ ನಮಸ್ಕಾರ.

ಭೌತಶಾಸ್ತ್ರ ಕಲಿಯೋದಕ್ಕೆ ಈಗ ದುಡ್ಡು ಬೇಕಿಲ್ಲ. ಕೈಯಲ್ಲಿ ಫೋನು ಇದ್ದರೆ ಸಾಕು. ಆಕಾಶ ಯಾಕೆ ನೀಲಿ? ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಬೆಳಕನ್ನೂ ಹೊರಗೆ ಬಿಡದ ಕಪ್ಪುಕುಳಿಯೊಳಗೆ, ಅಂದರೆ ಬ್ಲ್ಯಾಕ್ ಹೋಲ್ ಒಳಗೆ, ಬಿದ್ದರೆ ಏನಾಗುತ್ತದೆ? ಹತ್ತಾರು ವಿಡಿಯೊಗಳಿವೆ. ಯಾವ ವಯಸ್ಸಿನವರಾದರೂ, ಏನು ಓದಿದವರಾದರೂ ಕುತೂಹಲದಿಂದ ಕೇಳುತ್ತಿದ್ದಾರೆ, ನೋಡುತ್ತಿದ್ದಾರೆ. ನನಗೆ ಇದು ತುಂಬಾ ಖುಷಿಯ ವಿಷಯ.

ಆದರೆ ಹೀಗೆ ನೋಡಿದವರನ್ನು ಒಂದು ವಾರ ಬಿಟ್ಟು ಕೇಳಿ. "ಅದೇನೋ ನೀಲಿ ಬೆಳಕು ಜಾಸ್ತಿ ಚದುರುತ್ತೆ ಅಂದಿದ್ರು ಸಾರ್" ಅನ್ನುತ್ತಾರೆ. ಸರಿ, ನೇರಳೆ ಬಣ್ಣ ನೀಲಿಗಿಂತಲೂ ಜಾಸ್ತಿ ಚದುರುತ್ತದೆ, ಹಾಗಿದ್ದರೆ ಆಕಾಶ ಯಾಕೆ ನೇರಳೆ ಆಗಿಲ್ಲ ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಉತ್ತರ ಕಿವಿಗೆ ಬಿದ್ದಿದೆ, ತಲೆಯೊಳಗೆ ಕೂತಿಲ್ಲ.

ಅದಕ್ಕೇ ಇವತ್ತು ನಾನು ಹೇಳುವುದು ಒಂದೇ ಮಾತು. ಯಾವ ಪ್ರಶ್ನೆಯೇ ಇರಲಿ, ಉತ್ತರ ನೋಡುವ ಮೊದಲು ನಿಮ್ಮ ಊಹೆಯನ್ನು ಬರೆಯಿರಿ. ಎರಡೇ ಸಾಲು ಸಾಕು. ಮೊದಲ ಸಾಲಿನಲ್ಲಿ, ಏನಾಗುತ್ತದೆ ಅಂತ ನಿಮಗೆ ಅನಿಸುತ್ತದೆ. ಎರಡನೆಯದರಲ್ಲಿ, ಯಾಕೆ ಹಾಗನಿಸುತ್ತದೆ. ಮನಸ್ಸಿನಲ್ಲೇ ಅಂದುಕೊಂಡರೆ ಆಗುವುದಿಲ್ಲ. ಮನಸ್ಸಿನಲ್ಲಿ ಅಂದುಕೊಂಡದ್ದು ಉತ್ತರ ಕೇಳಿದ ಕೂಡಲೇ ಬದಲಾಗಿಬಿಡುತ್ತದೆ. "ನಾನೂ ಅದನ್ನೇ ಅಂದ್ಕೊಂಡಿದ್ದೆ" ಅನ್ನಿಸುತ್ತದೆ. ಕಾಗದದ ಮೇಲೆ ಬರೆದದ್ದು ಬದಲಾಗುವುದಿಲ್ಲ.

ಒಂದು ಪ್ರಸಂಗ ಹೇಳುತ್ತೇನೆ. ದೊಡ್ಡವರಿಗಾಗಿ ಸಂಜೆ ಹೊತ್ತು ಒಂದು ಉಚಿತ ತರಗತಿ ನಡೆಸುತ್ತಿದ್ದೆ. ಪರೀಕ್ಷೆ ಇಲ್ಲ, ಹಾಜರಿ ಇಲ್ಲ, ಆಸಕ್ತಿ ಇದ್ದವರು ಬರಬಹುದು. ಜೀವನವಿಡೀ ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ತಪ್ಪದೆ ಬರುತ್ತಿದ್ದರು. ಒಂದು ದಿನ ಅವರೇ ಒಂದು ಪ್ರಶ್ನೆ ತಂದರು. ಒಂದು ಕೊಳ. ಅದರಲ್ಲಿ ದೋಣಿ, ದೋಣಿಯೊಳಗೆ ದೊಡ್ಡ ಕಲ್ಲು. ಆ ಕಲ್ಲನ್ನು ಎತ್ತಿ ಕೊಳಕ್ಕೆ ಹಾಕಿದರೆ ಕೊಳದ ನೀರಿನ ಮಟ್ಟ ಏರುತ್ತದಾ, ಇಳಿಯುತ್ತದಾ, ಹಾಗೇ ಇರುತ್ತದಾ?

"ಉತ್ತರ ಹೇಳಿಬಿಡಿ ಸಾರ್" ಅಂದರು. ನಾನು ಹೇಳಲಿಲ್ಲ. "ಮೊದಲು ನೀವು ಬರೆಯಿರಿ" ಅಂದೆ. ಅವರಿಗೆ ಸ್ವಲ್ಪ ಬೇಸರವೇ ಆಯಿತು. ಆದರೂ ಬರೆದರು: "ಏರುತ್ತದೆ. ಯಾಕೆಂದರೆ ಕಲ್ಲು ನೀರಿನಲ್ಲಿ ಜಾಗ ತಗೊಳ್ಳುತ್ತದೆ." ಪಕ್ಕದಲ್ಲಿ ಕೂತಿದ್ದ ನರ್ಸ್ ಒಬ್ಬರು ಬರೆದರು: "ಹಾಗೇ ಇರುತ್ತದೆ. ಕಲ್ಲೂ ಅದೇ, ನೀರೂ ಅದೇ."

ಮೇಜಿನ ಮೇಲೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಇಟ್ಟೆವು. ನೀರು ತುಂಬಿದೆವು. ಒಂದು ಸ್ಟೀಲ್ ಬಟ್ಟಲಿಗೆ ಜಲ್ಲಿಕಲ್ಲು ಹಾಕಿ ತೇಲಿಬಿಟ್ಟೆವು. ನೀವು ಮನೆಯಲ್ಲಿ ಮಾಡುವುದಾದರೆ ಗಮನಿಸಿ, ಡಬ್ಬಿ ಬಟ್ಟಲಿಗಿಂತ ಸ್ವಲ್ಪವೇ ಅಗಲ ಇರಬೇಕು. ದೊಡ್ಡ ಬಕೆಟ್ಟಿನಲ್ಲಿ ಮಾಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುವುದಿಲ್ಲ. ನೀರಿನ ಮಟ್ಟಕ್ಕೆ ಡಬ್ಬಿಯ ಹೊರಗಡೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದೆವು. ಆ ಹಿರಿಯರೇ ಒಂದೊಂದಾಗಿ ಕಲ್ಲು ತೆಗೆದು ನೀರಿಗೆ ಬಿಟ್ಟರು. ಬಟ್ಟಲು ಹಗುರಾಗಿ ಮೇಲೆದ್ದಿತು. ಕಲ್ಲುಗಳೆಲ್ಲ ತಳ ಸೇರಿದವು. ನೀರು ಗೆರೆಯಿಂದ ಒಂದು ಬೆರಳಷ್ಟು ಕೆಳಗಿತ್ತು.

ಇಳಿದಿತ್ತು! ಹಿರಿಯರು ಒಪ್ಪಲಿಲ್ಲ. "ಎಲ್ಲೋ ನೀರು ಚೆಲ್ಲಿರಬೇಕು" ಅಂದರು. ಅಂಥ ಅನುಮಾನ ಒಳ್ಳೆಯದೇ. ಕಲ್ಲುಗಳನ್ನೆಲ್ಲ ಮತ್ತೆ ಬಟ್ಟಲಿಗೆ ಹಾಕಿಸಿದೆ. ನೀರು ಏರಿ ಗೆರೆ ಮುಟ್ಟಿತು. ಚೆಲ್ಲಿರಲಿಲ್ಲ.

ಆಗ ಅವರು ತಮ್ಮದೇ ಚೀಟಿ ಎತ್ತಿಕೊಂಡು ಓದಿದರು. ಜಾಸ್ತಿ ಹೊತ್ತು ಹಿಡಿಯಲಿಲ್ಲ. "ಅಲ್ಲಾ ಸಾರ್, ಕಲ್ಲು ದೋಣಿಯಲ್ಲಿದ್ದಾಗಲೂ ನೀರನ್ನು ಸರಿಸಿತ್ತಲ್ವಾ? ಆ ಲೆಕ್ಕವನ್ನೇ ನಾನು ಬರೆದಿಲ್ಲ" ಅಂದರು. ನಾನು ಹೇಳಬೇಕಾದದ್ದನ್ನು ಅವರೇ ಹೇಳಿಬಿಟ್ಟರು. ಉಳಿದದ್ದು ಬರೀ ಅಂಕಿ. 5 ಕೆಜಿ ಕಲ್ಲು ದೋಣಿಯಲ್ಲಿ ತೇಲಬೇಕಾದರೆ 5 ಕೆಜಿ ನೀರು, ಅಂದರೆ 5 ಲೀಟರ್, ಪಕ್ಕಕ್ಕೆ ಸರಿಯಬೇಕು. ಇದು ಆರ್ಕಿಮಿಡೀಸ್ ಹೇಳಿದ ನಿಯಮ, 2,200 ವರ್ಷ ಹಳೆಯದು. ಅದೇ ಕಲ್ಲು ತಳದಲ್ಲಿ ಕೂತರೆ ತನ್ನ ಗಾತ್ರದಷ್ಟು ನೀರನ್ನು ಮಾತ್ರ ಸರಿಸುತ್ತದೆ. ಕಲ್ಲು ತನ್ನಷ್ಟೇ ಗಾತ್ರದ ನೀರಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಹಾಗಾಗಿ 5 ಕೆಜಿ ಕಲ್ಲಿನ ಗಾತ್ರ 2 ಲೀಟರ್. ಮೊದಲು 5 ಲೀಟರ್, ಈಗ 2. ಮಟ್ಟ ಇಳಿಯದೆ ಇನ್ನೇನಾಗುತ್ತದೆ?

ಅಲ್ಲಿಗೇ ಮುಗಿಯಲಿಲ್ಲ. "ಕಲ್ಲಿನ ಬದಲು ಮರದ ತುಂಡು ಹಾಕಿದರೆ?" ಅಂತ ಅವರೇ ಕೇಳಿದರು. ಈ ಸಲ ನಾನು ಹೇಳುವ ಮುಂಚೆಯೇ ಪೆನ್ನು ತೆಗೆದಿದ್ದರು. "ಹಾಗೇ ಇರುತ್ತದೆ. ಮರ ದೋಣಿಯಲ್ಲಿದ್ದರೂ ತೇಲುತ್ತದೆ, ನೀರಿಗೆ ಬಿದ್ದರೂ ತೇಲುತ್ತದೆ. ಎರಡೂ ಕಡೆ ತೂಕದ ಲೆಕ್ಕವೇ." ಪೂರ್ತಿ ಸರಿ. ಮೊದಲೇ ನಾನು ಉತ್ತರ ಹೇಳಿಬಿಟ್ಟಿದ್ದರೆ ಈ ಎರಡನೇ ಪ್ರಶ್ನೆ ಅವರಿಗೆ ಹುಟ್ಟುತ್ತಲೇ ಇರಲಿಲ್ಲ.

ಇದು ನನ್ನೊಬ್ಬನ ಅನುಭವ ಅಂದುಕೊಳ್ಳಬೇಡಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳಿಗೆ ಪ್ರಯೋಗ ತೋರಿಸಲೇ ಇಲ್ಲ. ಕೆಲವರಿಗೆ ಸುಮ್ನೆ ತೋರಿಸಿದರು. ಇನ್ನು ಕೆಲವರಿಂದ ಮೊದಲು ಊಹೆ ಕೇಳಿ, ಆಮೇಲೆ ತೋರಿಸಿದರು. ಕೊನೆಯಲ್ಲಿ ಪರೀಕ್ಷೆ ಮಾಡಿದಾಗ, ಸುಮ್ನೆ ನೋಡಿದವರಿಗೂ ನೋಡದೇ ಇದ್ದವರಿಗೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಊಹಿಸಿ ನೋಡಿದವರು ಮುಂದಿದ್ದರು. ಊಹೆಗೆ ಹಿಡಿದದ್ದು ಕೆಲವೇ ನಿಮಿಷ. ಅಷ್ಟು ಸಣ್ಣ ಕೆಲಸ ಇದು. ಆದರೂ ಜನ ಮಾಡುವುದಿಲ್ಲ ಅನ್ನುವುದೇ ನನಗೆ ಸಂಕಟ.

"ಡಬ್ಬಿ, ಬಟ್ಟಲು ಸರಿ ಸಾರ್, ಕಪ್ಪುಕುಳಿಗೆ ಊಹೆ ಹೇಗೆ ಬರೆಯೋದು?" ಅನ್ನುತ್ತೀರಿ. ಬರೆಯಬಹುದು. ನಮ್ಮ ಸೂರ್ಯ, ಇರುವಷ್ಟೇ ತೂಕ ಇಟ್ಟುಕೊಂಡು, ಇದ್ದಕ್ಕಿದ್ದಂತೆ ಕಪ್ಪುಕುಳಿಯಾಯಿತು ಅಂತಿಟ್ಟುಕೊಳ್ಳಿ. ಅದರ ಅರ್ಧವ್ಯಾಸ ಸುಮಾರು 3 ಕಿಲೋಮೀಟರ್‌ಗೆ ಕುಗ್ಗುತ್ತದೆ. ಭೂಮಿಯನ್ನು ಅದು ನುಂಗುತ್ತದಾ? ಬಹಳ ಜನ "ಹೌದು" ಅಂತ ಬರೆಯುತ್ತಾರೆ. ಇಲ್ಲ. ತೂಕ ಅದೇ, ದೂರ ಅದೇ, ಹಾಗಾಗಿ ಸೆಳೆತವೂ ಅದೇ. ಭೂಮಿ ಅದೇ ದಾರಿಯಲ್ಲಿ ಸುತ್ತುತ್ತಿರುತ್ತದೆ. ಸೂರ್ಯನಿಂದ ಕೊನೆಯದಾಗಿ ಹೊರಟ ಬೆಳಕು ನಮ್ಮನ್ನು ಮುಟ್ಟಿ, ಎಂಟು ನಿಮಿಷ ಕಳೆದ ಮೇಲೆ ಕತ್ತಲಾಗುತ್ತದೆ, ಅಷ್ಟೆ.

ಸಮಯ ಕಡಿಮೆ ಇದೆ. ಉಚಿತವಾಗಿ ಎಲ್ಲಿ ಕಲಿಯಬಹುದು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1961ರಿಂದ 63ರವರೆಗೆ ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಮಾಡಿದ ಪಾಠಗಳ ಮೂರೂ ಸಂಪುಟಗಳನ್ನು ಆನ್‌ಲೈನಿನಲ್ಲಿ ಉಚಿತವಾಗಿ ಓದಬಹುದು. ಅಲ್ಲಿನದೇ ಇನ್ನೊಂದು ವಿಶ್ವವಿದ್ಯಾಲಯ ಎಂಐಟಿಯ ಕೋರ್ಸುಗಳೂ ಆನ್‌ಲೈನಿನಲ್ಲಿ ಉಚಿತ. ಓಪನ್‌ಸ್ಟ್ಯಾಕ್ಸ್ ಅನ್ನುವ ಜಾಲತಾಣದಲ್ಲಿ ಕಾಲೇಜು ಮಟ್ಟದ ಪಠ್ಯಪುಸ್ತಕ ಸಿಗುತ್ತದೆ. ಈಗಷ್ಟೇ ಶುರು ಮಾಡುವವರಿಗೆ ನನ್ನ ಆಯ್ಕೆ ಫೆಟ್ (PhET) ಅನ್ನುವ ಜಾಲತಾಣ. ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ್ದು. ತೆರೆಯ ಮೇಲೆಯೇ ಲೋಲಕ ತೂಗಿಸಬಹುದು, ವಿದ್ಯುತ್ ಮಂಡಲ ಜೋಡಿಸಬಹುದು. ಕನ್ನಡದಲ್ಲೂ ಇದೆ. ಆದರೆ ಬಟನ್ ಒತ್ತುವ ಮೊದಲು ಊಹೆ ಬರೆಯಿರಿ. ಇಲ್ಲದಿದ್ದರೆ ಅದೂ ಒಂದು ಆಟವಾಗಿ ಮುಗಿಯುತ್ತದೆ.

ತಿಳಿದವರನ್ನು ಕೇಳುವಾಗಲೂ ಅಷ್ಟೇ. "ಗುರುತ್ವ ಅಂದರೇನು?" ಅಂತ ಕೇಳಿದರೆ ಯಾರೂ ಸರಿಯಾಗಿ ಹೇಳಲಾರರು. "ನಾನು ಹೀಗೆ ಅಂದುಕೊಂಡೆ, ಆದದ್ದು ಹೀಗೆ, ಎಲ್ಲಿ ತಪ್ಪಿದೆ?" ಅಂತ ಕೇಳಿ. ಖಂಡಿತ ಉತ್ತರ ಸಿಗುತ್ತದೆ. ಗಣಿತದ ಬಗ್ಗೆಯೂ ಮಾತಾಡಬೇಕಿತ್ತು, ಇವತ್ತು ಆಗುವುದಿಲ್ಲ. ಶುರು ಮಾಡೋದಕ್ಕೆ ಕೂಡಿಸಿ ಕಳೆಯೋದು, ಗುಣಿಸಿ ಭಾಗಿಸೋದು ಬಂದರೆ ಸಾಕು.

ಹೋಗುವ ಮುಂಚೆ ನಿಮಗೊಂದು ಕೆಲಸ. ಗೋಡೆಗೆ ನೇರವಾಗಿ ಅಂಟಿಕೊಂಡಿರುವ ಚಿಕ್ಕ ಕನ್ನಡಿ. ಅದರ ಮುಂದೆ ನಿಂತಿದ್ದೀರಿ, ಎದೆಯವರೆಗೆ ಕಾಣುತ್ತಿದೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಜಾಸ್ತಿ ಕಾಣುತ್ತದಾ, ಕಡಿಮೆ ಕಾಣುತ್ತದಾ, ಅಷ್ಟೇ ಕಾಣುತ್ತದಾ? ಉತ್ತರ ನಾನು ಹೇಳುವುದಿಲ್ಲ. ಎರಡು ಸಾಲು ಬರೆದಿಟ್ಟು, ಆಮೇಲೆ ಕನ್ನಡಿ ಮುಂದೆ ನಿಲ್ಲಿ. ನಮಸ್ಕಾರ.