ಕೈಗೆ ಸಿಕ್ಕ ಕೆಲಸ: 2020ರ ನನ್ನ ಆರು ಆಟಗಳು

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷವಾಯಿತು. ಚಿಕ್ಕಮಗಳೂರಿನಲ್ಲಿ ಸಂಜೆ ಹೊತ್ತು ಪುಸ್ತಕದ ಬಗ್ಗೆ, ನಾಟಕದ ಬಗ್ಗೆ ಮಾತು ಕೇಳಿ ನಮಗೆಲ್ಲ ಅಭ್ಯಾಸವಿದೆ. ವಿಡಿಯೋ ಗೇಮ್ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದದ್ದು ಇದೇ ಮೊದಲು. 2020ರಲ್ಲಿ ಬಂದ ಆಟಗಳಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಆರು ಆಟಗಳ ಬಗ್ಗೆ ಹೇಳುತ್ತೇನೆ. ಆರನೆಯದರಿಂದ ಶುರುಮಾಡಿ ಒಂದನೆಯದಕ್ಕೆ ಬರುತ್ತೇನೆ.

ಯಾಕೆ 2020? ಆ ವರ್ಷ ನಮ್ಮ ಕೈಗಳಿಗೆ ಏನಾಗಿತ್ತು, ಸ್ವಲ್ಪ ನೆನಪು ಮಾಡಿಕೊಳ್ಳಿ. ಯಾರ ಕೈಯನ್ನೂ ಹಿಡಿಯುವ ಹಾಗಿರಲಿಲ್ಲ. ಬಾಗಿಲ ಚಿಲಕ ಮುಟ್ಟಿದರೂ ಸ್ಯಾನಿಟೈಸರ್ ಹಚ್ಚಿಕೊಳ್ಳಬೇಕಿತ್ತು. ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, 25ರಿಂದ ಇಡೀ ದೇಶಕ್ಕೆ ಬೀಗ. ನಾನು ಆಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ. ಜೂನ್‌ನಲ್ಲಿ ಕಂಪ್ಯೂಟರ್ ಅನ್ನು ಕಾರಿನ ಹಿಂದಿನ ಸೀಟಿನಲ್ಲಿ ಕಂಬಳಿ ಸುತ್ತಿ ಇಟ್ಟುಕೊಂಡು, ಹಾಸನ, ಬೇಲೂರು ದಾಟಿ ಮೂಡಿಗೆರೆ ಹತ್ತಿರದ ನಮ್ಮ ಮನೆಗೆ ಬಂದೆ. ವರ್ಷ ಮುಗಿಯುವವರೆಗೂ ಅಲ್ಲೇ ಇದ್ದೆ.

ಈ ಪಟ್ಟಿಗೆ ನನ್ನದೊಂದು ಅಳತೆಗೋಲಿದೆ. ಪುಸ್ತಕ ಓದುವುದು ಕಣ್ಣು. ಸಿನಿಮಾಕ್ಕೆ ಕಣ್ಣು, ಕಿವಿ ಸಾಕು. ಆಟಕ್ಕೆ ಕೈ ಬೇಕು. ನಾವು ಬಟನ್ ಒತ್ತದಿದ್ದರೆ ಕಥೆ ನಿಂತಲ್ಲೇ ನಿಲ್ಲುತ್ತದೆ. ಅದಕ್ಕೇ ನಾನು ಪ್ರತಿ ಆಟಕ್ಕೂ ಒಂದೇ ಪ್ರಶ್ನೆ ಕೇಳುತ್ತೇನೆ: ನನ್ನ ಕೈಗೆ ಏನು ಕೆಲಸ ಕೊಟ್ಟೆ? ಗ್ರಾಫಿಕ್ಸ್ ಎಷ್ಟು ಚೆನ್ನಾಗಿದೆ, ಎಷ್ಟು ಕೋಟಿ ಖರ್ಚಾಯಿತು, ಎಷ್ಟು ಮಾರಾಟವಾಯಿತು, ಇವೆಲ್ಲ ನನಗೆ ಆಮೇಲಿನ ಮಾತು.

ಪಬ್‌ಜಿ ಯಾಕಿಲ್ಲ ಅಂತ ಹಿಂದಿನ ಸಾಲಿನ ಹುಡುಗರು ಕೇಳಬಹುದು. ಮೊಬೈಲಿಗೆ ಅದು ಬಂದದ್ದು 2018ರಲ್ಲಿ, ಹಾಗಾಗಿ ಲೆಕ್ಕಕ್ಕೆ ಬರುವುದಿಲ್ಲ. ಆದರೆ ನಮ್ಮೂರಿನ ಹುಡುಗರಿಗೆ 2020ರ ಆಟ ಅಂದರೆ ಅದೇ ಆಗಿತ್ತು ಅನ್ನುವುದೂ ನಿಜ. ಆನ್‌ಲೈನ್ ಕ್ಲಾಸಿಗೆ ಅಂತ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದರು. ಕ್ಲಾಸ್ ಮುಗಿದ ಮೇಲೆ ಅಲ್ಲೇ ಬಂಡೆ ಮೇಲೆ ಕೂತು ನಾಲ್ಕು ಜನ ಸೇರಿ ಆಡುತ್ತಿದ್ದರು. ಸೆಪ್ಟೆಂಬರ್ 2ಕ್ಕೆ ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು, ಅದರಲ್ಲಿ ಪಬ್‌ಜಿ ಮೊಬೈಲ್ ಕೂಡ ಇತ್ತು. ಆ ವಾರ ಗುಡ್ಡದ ಮೇಲಿನ ಹುಡುಗರ ಮುಖ ನೋಡಿದವನು ನಾನು. ಸಾವಿರ ಆಟ ಸಿಗಬಹುದು, ಆ ನಾಲ್ಕು ಜನ ಒಟ್ಟಿಗೆ ಕೂತಿದ್ದ ಬಂಡೆಗೆ ಬದಲಿ ಇರಲಿಲ್ಲ.

ಸರಿ, ಆರನೆಯ ಸ್ಥಾನ. ರಾಜಿ: ಆನ್ ಏನ್ಷಂಟ್ ಎಪಿಕ್. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಅನ್ನುವ ಚಿಕ್ಕ ತಂಡ ಮಾಡಿದ್ದು. ರಾಜಿ ಅನ್ನುವ ಸರ್ಕಸ್ ಹುಡುಗಿ, ಅವಳ ತಮ್ಮ ಗೋಲು. ರಕ್ಷಾಬಂಧನದ ದಿನ ಅಸುರರು ತಮ್ಮನನ್ನು ಎತ್ತಿಕೊಂಡು ಹೋಗುತ್ತಾರೆ, ದುರ್ಗೆ ಕೊಟ್ಟ ತ್ರಿಶೂಲ ಹಿಡಿದು ಅಕ್ಕ ಹುಡುಕಿಕೊಂಡು ಹೊರಡುತ್ತಾಳೆ. ಕಥೆಯ ತುಣುಕುಗಳನ್ನು ಇದರಲ್ಲಿ ತೊಗಲು ಗೊಂಬೆಯಾಟದ ಹಾಗೆ ನೆರಳಿನಲ್ಲಿ ತೋರಿಸುತ್ತಾರೆ. ಅದನ್ನು ನೋಡಿದಾಗ ನನ್ನ ಕಣ್ಣು ತುಂಬಿ ಬಂತು. ಇಪ್ಪತ್ತು ವರ್ಷದಿಂದ ಆಡುತ್ತಿದ್ದೇನೆ. ಗ್ರೀಕರ ದೇವರು ಗೊತ್ತು, ಜಪಾನಿನ ಭೂತ ಗೊತ್ತು. ದೇವಸ್ಥಾನದ ಕಂಬ, ಜಗಲಿ, ಪುಷ್ಕರಣಿ ನಡುವೆ ಓಡಾಡುವ ಕೆಲಸ ಕೈಗೆ ಸಿಕ್ಕದ್ದು ಇದರಲ್ಲೇ. ಆದರೆ ಹೊಡೆದಾಟ ಸ್ವಲ್ಪ ಒರಟು. ಮುಗಿಯುವುದೂ ತಟ್ಟನೆ, ಊಟದ ಮಧ್ಯೆ ಎಲೆ ಎತ್ತಿದ ಹಾಗೆ. ನಮ್ಮವರು ಮಾಡಿದ್ದು ಅನ್ನುವ ಪ್ರೀತಿಗೆ ಮೇಲೆ ಹಾಕಬಹುದಿತ್ತು. ಹಾಗೆ ಮಾಡಿದರೆ ಆ ತಂಡದ ಶ್ರಮಕ್ಕೆ ಗೌರವ ಕೊಟ್ಟ ಹಾಗಲ್ಲ ಅಂತ ನನಗೆ ಅನ್ನಿಸುತ್ತದೆ.

ಐದನೆಯದು ಆನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್. ಮಾರ್ಚ್ 20ಕ್ಕೆ ಬಂತು, ಜನತಾ ಕರ್ಫ್ಯೂಗೆ ಎರಡು ದಿನ ಮೊದಲು. ಒಂದು ದ್ವೀಪ, ಅಲ್ಲಿ ಪ್ರಾಣಿಗಳು ನೆರೆಹೊರೆ. ಮೀನು ಹಿಡಿಯಬೇಕು, ಹೂವಿಗೆ ನೀರು ಹಾಕಬೇಕು, ಸಾಲ ತೀರಿಸಬೇಕು. ಇದರ ಗಡಿಯಾರ ನಮ್ಮ ಗಡಿಯಾರದ ಜೊತೆಗೇ ಓಡುತ್ತದೆ. ರಾತ್ರಿ ಹತ್ತಾದರೆ ಅಲ್ಲಿನ ಅಂಗಡಿ ಬಾಗಿಲು ಹಾಕುತ್ತದೆ, ನೀವು ಬೆಳಗ್ಗೆ ಎಂಟರವರೆಗೆ ಕಾಯಬೇಕು ಅಷ್ಟೇ. ಸ್ನೇಹಿತನ ಸ್ವಿಚ್ ಅನ್ನು, ಅಂದರೆ ನಿಂಟೆಂಡೊ ಕಂಪನಿಯ ಆಟದ ಯಂತ್ರವನ್ನು, ಎರಡು ತಿಂಗಳು ಇಟ್ಟುಕೊಂಡು ಆಡಿದೆ. ಜುಲೈನಲ್ಲಿ ಆ ದ್ವೀಪದಲ್ಲಿ ಬಿಸಿಲು, ಮರದ ತುಂಬ ಜೀರುಂಡೆ ಸದ್ದು. ಇಲ್ಲಿ ಹೊರಗೆ ಹಂಚಿನ ಮೇಲೆ ಧಾರಾಕಾರ ಮಳೆ. ಒಂದೇ ಗಂಟೆ, ಎರಡು ಹವಾಮಾನ. ಕೈಗೆ ಅದು ಕೊಟ್ಟ ಕೆಲಸ ಕಾಯುವುದು. ಒಳ್ಳೆಯ ಕೆಲಸ. ಆದರೆ ಸ್ವಿಚ್ ವಾಪಸ್ ಕೊಟ್ಟ ಮೇಲೆ ನನಗೆ ಆ ದ್ವೀಪ ಅಷ್ಟೇನೂ ನೆನಪಾಗಲಿಲ್ಲ, ಅದಕ್ಕೇ ಐದು.

ನಾಲ್ಕು, ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್. ಇದು ನಮ್ಮ ಜಿಲ್ಲೆಯವರೆಲ್ಲ ಒಮ್ಮೆ ನೋಡಬೇಕಾದದ್ದು. ಫ್ರಾನ್ಸಿನ ಬೋರ್ಡೋ ಊರಿನ ಅಸೋಬೋ ಸ್ಟುಡಿಯೋ ಇದನ್ನು ಮಾಡಿತು. ಬಿಂಗ್ ಮ್ಯಾಪ್‌ನ ಉಪಗ್ರಹ ಚಿತ್ರಗಳನ್ನು ಕಂಪ್ಯೂಟರ್ ಓದಿ, ಇಲ್ಲಿ ಮರ, ಇಲ್ಲಿ ಮನೆ ಅಂತ ಅಂದಾಜು ಮಾಡಿ ಇಡೀ ಭೂಮಿಯನ್ನು ಕಟ್ಟಿಕೊಡುತ್ತದೆ. ನೀವು ಹಾರುತ್ತಿದ್ದ ಹಾಗೆ ಆ ನೆಲ ಇಂಟರ್ನೆಟ್ ಮೂಲಕ ಇಳಿದು ಬರುತ್ತದೆ. ನಮ್ಮ ಮನೆಯ ಇಂಟರ್ನೆಟ್‌ನಲ್ಲಿ ಅದು ಸಾಧ್ಯವೇ ಇರಲಿಲ್ಲ. ಹಾಗಾಗಿ ಕಂಪ್ಯೂಟರ್ ಹೊತ್ತುಕೊಂಡು ಇದೇ ಊರಿನ ನಮ್ಮ ದೊಡ್ಡಪ್ಪನ ಮನೆಗೆ ಬಂದೆ.

ದೊಡ್ಡಪ್ಪನಿಗೆ ಆಗ ಎಪ್ಪತ್ತೆರಡು. ಜೀವನದಲ್ಲಿ ವಿಮಾನ ಹತ್ತಿದವರಲ್ಲ. ಬಜ್ಪೆಯಿಂದ ಚಿಕ್ಕ ವಿಮಾನ ಎತ್ತಿದೆ. ಪೂರ್ವಕ್ಕೆ ತಿರುಗಿಸಿ ಘಟ್ಟದ ಕಡೆ ಹೊರಟೆ. ಆಟದಲ್ಲಿ ಆ ಹೊತ್ತಿನ ನಿಜವಾದ ಹವಾಮಾನವನ್ನೇ ಹಾಕಿಕೊಳ್ಳಬಹುದು. ಕಿಟಕಿಯಾಚೆ ಮೋಡ, ಪರದೆಯಲ್ಲೂ ಮೋಡ. ಚಾರ್ಮಾಡಿ ಎಲ್ಲಿದೆ ಅಂತಲೇ ಕಾಣಲಿಲ್ಲ. ಕೊನೆಗೆ ಮೋಡ ತೆಗೆದು, ಬಿಸಿಲು ಹಾಕಿ ಮತ್ತೆ ಹೊರಟೆ. ಮೂಡಿಗೆರೆ ಮೇಲೆ ಹೋದಾಗ ನಮ್ಮ ತೋಟವೆಲ್ಲ ಬರೀ ಕಾಡು. ಕಂಪ್ಯೂಟರಿಗೆ ನೆರಳಿನ ಮರ ಕಾಣುತ್ತದೆ, ಅದರ ಕೆಳಗಿನ ಕಾಫಿ ಗಿಡ ಕಾಣುವುದಿಲ್ಲ, ಅಲ್ವಾ? ನಮ್ಮ ಮನೆಯ ಜಾಗದಲ್ಲಿ ಯಾರದೋ ಮನೆ ನಿಂತಿತ್ತು. ಆದರೆ ಬೆಟ್ಟದ ಸಾಲು ತಪ್ಪಿರಲಿಲ್ಲ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯನ್ನು ಪಕ್ಕಕ್ಕೆ ಬಿಟ್ಟು, ಬಾಬಾಬುಡನ್‌ಗಿರಿಯ ಸಾಲು ದಾಟಿದೆ. ಆಚೆ ಒಂದು ದೊಡ್ಡ ನೀರು ಹೊಳೆಯಿತು. ದೊಡ್ಡಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. "ಅಯ್ಯನಕೆರೆ ಕಣೋ! ನಿಧಾನಕ್ಕೆ ಹೋಗೋ, ನಿಧಾನಕ್ಕೆ" ಅಂದರು. ಸಖರಾಯಪಟ್ಟಣದ ಸಂತೆಗೆ ತಮ್ಮ ಅಪ್ಪನ ಜೊತೆ ನಡೆದುಹೋಗಿದ್ದ ದಾರಿಯನ್ನು ಬೆರಳಲ್ಲಿ ಪರದೆಯ ಮೇಲೆ ತೋರಿಸಿದರು. ಆ ಕೆರೆಯ ಸುತ್ತ ಎಂಟು ಸುತ್ತು ಹಾಕಿಸಿದರು ನನ್ನ ಕೈಲಿ. ಆಟ ನನಗೆ ಕೊಟ್ಟ ಕೆಲಸ ವಿಮಾನ ಅಲುಗಾಡದ ಹಾಗೆ ಹಿಡಿದುಕೊಳ್ಳುವುದು, ಅಷ್ಟೇ. ಆ ಸಂಜೆಗೆ ಅದು ಸಾಕಾಗಿತ್ತು.

ಮೂರು ಮತ್ತು ಎರಡು ಯಾವುದು ಅಂತ ತುಂಬಾ ದಿನ ಒದ್ದಾಡಿದ್ದೇನೆ. ಇವತ್ತಿನ ಲೆಕ್ಕ ಹೇಳುತ್ತೇನೆ.

ಮೂರು, ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2. ನಾಟಿ ಡಾಗ್ ಸ್ಟುಡಿಯೋದ್ದು, ಜೂನ್ 19ಕ್ಕೆ ಬಂತು. ಇನ್ನು ಮುಂದೆ ಕಥೆಯ ಗುಟ್ಟು ಹೇಳುತ್ತೇನೆ, ಆಡಬೇಕು ಅಂತಿರುವವರು ಒಂದು ನಿಮಿಷ ಕಿವಿ ಮುಚ್ಚಿಕೊಳ್ಳಿ. ಎಲ್ಲಿ ಅನ್ನುವ ಹುಡುಗಿ ಸೇಡು ತೀರಿಸಲು ಹೊರಡುತ್ತಾಳೆ. ಒಂದು ಕಡೆ, ನೆಲದಲ್ಲಿ ಕೂತ ಹೆಂಗಸಿಗೆ ಹೊಡೆದು ಬಾಯಿ ಬಿಡಿಸಬೇಕು. ಆಟ ಅಲ್ಲಿ ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಪರದೆಯಲ್ಲಿ ಬಟನ್ ಗುರುತು ಬರುತ್ತದೆ. ನೀವೇ ಒತ್ತಬೇಕು. ನಾನು ಆ ಬಟನ್‌ಗಳಿರುವ ಕಂಟ್ರೋಲರ್ ಕೆಳಗಿಟ್ಟು ಹೊರಗೆ ಹೋಗಿ ನಿಂತೆ. ಸೇಡಿನ ಕಥೆ ಎಷ್ಟೋ ಸಿನಿಮಾದಲ್ಲಿ ನೋಡಿದ್ದೆ, ನನ್ನ ಹೆಬ್ಬೆರಳಿಗೆ ಅದರ ಭಾರ ಗೊತ್ತಾದದ್ದು ಆವತ್ತೇ. ಇದೇ ಆಟದಲ್ಲಿ ಆ ಹುಡುಗಿ ಗಿಟಾರ್ ನುಡಿಸುತ್ತಾಳೆ. ಕಂಟ್ರೋಲರ್ ಮೇಲೆ ಬೆರಳು ಸವರಿ ತಂತಿ ಮೀಟುವುದು ನಾವೇ. ಕೊನೆಯಲ್ಲಿ ಅವಳು ಎರಡು ಬೆರಳು ಕಳೆದುಕೊಂಡು ಖಾಲಿ ಮನೆಗೆ ಬರುತ್ತಾಳೆ, ಮತ್ತೆ ಗಿಟಾರ್ ಎತ್ತಿಕೊಳ್ಳುತ್ತಾಳೆ. ನಾವು ಮೀಟಿದರೂ ಸ್ವರ ಸರಿಯಾಗಿ ಬರುವುದಿಲ್ಲ. ಕೈ ಕಳೆದುಕೊಂಡದ್ದನ್ನು ಕೈಗೇ ಹೇಳಿದ ಆಟ ಇದು. ಇನ್ನೊಂದು ಮಾತು: ಕಣ್ಣು ಕಾಣದವರು, ಕಿವಿ ಕೇಳದವರು, ಕೈ ಸರಿಯಾಗಿ ಆಡದವರು ಕೂಡ ಆಡಲಿ ಅಂತ ಇದರಲ್ಲಿ 60ಕ್ಕೂ ಜಾಸ್ತಿ ಸೌಲಭ್ಯ ಇಟ್ಟಿದ್ದಾರೆ. ಬೇರೆ ಏನೂ ಇಲ್ಲದಿದ್ದರೂ ಇಷ್ಟಕ್ಕೇ ನಾನು ಆ ತಂಡಕ್ಕೆ ನಮಸ್ಕಾರ ಹೇಳುತ್ತಿದ್ದೆ.

ಎರಡು, ಹೇಡೀಸ್. ಸೂಪರ್‌ಜೈಂಟ್ ಗೇಮ್ಸ್‌ನವರದು. ಅರ್ಧ ತಯಾರಿಯಲ್ಲೇ ಜನರ ಕೈಗೆ ಕೊಟ್ಟು, ಸುಮಾರು ಎರಡು ವರ್ಷ ತಿದ್ದಿ, 2020ರ ಸೆಪ್ಟೆಂಬರ್ 17ಕ್ಕೆ ಪೂರ್ಣ ಮಾಡಿದರು. ಗ್ರೀಕರ ಪಾತಾಳದ ರಾಜ ಹೇಡೀಸ್, ಅವನ ಮಗ ಝಾಗ್ರಿಯಸ್. ಮಗನಿಗೆ ಮನೆ ಬಿಟ್ಟು ಭೂಮಿಗೆ ಹೋಗಬೇಕು. ದಾರಿಯಲ್ಲಿ ಸಾಯುತ್ತಾನೆ, ರಕ್ತದ ಕೊಳದಿಂದ ಎದ್ದು ಮತ್ತೆ ಮನೆಯೊಳಗೇ ಬರುತ್ತಾನೆ. ಸತ್ತಾಗಲೆಲ್ಲ ಮನೆಯವರು ಹೊಸದಾಗಿ ಏನೋ ಮಾತಾಡುತ್ತಾರೆ. ಸೋತರೇ ಕಥೆ ಮುಂದುವರಿಯುವುದು! ನಾಯಿ ಸೆರ್ಬೆರಸ್‌ನ ಮೂರು ತಲೆ ಸವರಬಹುದು. ಕಷ್ಟವಾದರೆ ಗಾಡ್ ಮೋಡ್ ಅಂತ ಇದೆ. ಅದು ಹಾಕಿಕೊಂಡರೆ ಬೀಳುವ ಪೆಟ್ಟು ಶೇಕಡಾ 20 ಕಡಿಮೆ. ಆಮೇಲೆ ಪ್ರತಿ ಸಾವಿಗೂ ಇನ್ನೂ ಶೇಕಡಾ 2 ಕಡಿಮೆ. ಬಿದ್ದವನಿಗೆ ಅವಮಾನ ಮಾಡದೆ ಎಬ್ಬಿಸುವ ಈ ಲೆಕ್ಕ ನನಗೆ ಬಹಳ ಹಿಡಿಸಿತು. ಅಕ್ಕನ ಮಗ ಹತ್ತನೇ ಕ್ಲಾಸು, ಸಿಟ್ಟಿನ ಹುಡುಗ, ಸೋತರೆ ಮೌಸ್ ಎಸೆಯುತ್ತಿದ್ದ. ಇದನ್ನು ಆಡುವಾಗ ಸತ್ತ ಕೂಡಲೇ "ಮಾಮ, ಈಗ ಅವನಿಗೆ ಮನೇಲಿ ಏನಂತಾರೆ ನೋಡಣ" ಅನ್ನುತ್ತಿದ್ದ. ಮುಂದಿನ ವರ್ಷ ಇದಕ್ಕೆ ಹ್ಯೂಗೋ ಪ್ರಶಸ್ತಿ ಬಂತು, ಕಥೆ ಕಾದಂಬರಿಗಳಿಗೆ ಕೊಡುವ ಆ ಪ್ರಶಸ್ತಿ ಪಡೆದ ಮೊದಲ ವಿಡಿಯೋ ಗೇಮ್ ಇದು.

ಈಗ ಒಂದನೆಯದು. ಸ್ಪಿರಿಟ್‌ಫೇರರ್.

ಕೆನಡಾದ ಮಾಂಟ್ರಿಯಲ್‌ನ ಥಂಡರ್ ಲೋಟಸ್ ಗೇಮ್ಸ್ ಮಾಡಿದ್ದು. 2020ರ ಆಗಸ್ಟ್ 18ಕ್ಕೆ ಬಂತು. ನನ್ನ ಪಟ್ಟಿಯ ರಾಜಿ ಸ್ವಿಚ್‌ಗೆ ಬಂದದ್ದೂ, ಫ್ಲೈಟ್ ಸಿಮ್ಯುಲೇಟರ್ ಬಂದದ್ದೂ ಅದೇ ದಿನ. ಮಘೆ ಮಳೆ ಹಿಡಿದಿದ್ದ ದಿನಗಳು. ನಮ್ಮಲ್ಲಿ ಮರ ಬಿದ್ದು ಮೂರು ದಿನ ಕರೆಂಟೇ ಇರಲಿಲ್ಲ. ಕರೆಂಟ್ ಬಂದ ಮೇಲೆ ರಾತ್ರಿಯಿಡೀ ಡೌನ್‌ಲೋಡ್‌ಗೆ ಹಾಕಿ ಮಲಗಿದೆ.

ಆಟದ ಬಗ್ಗೆ ಹೇಳುವ ಮೊದಲು ನಮ್ಮ ಅಜ್ಜಿಯ ವಿಷಯ ಹೇಳಬೇಕು. ಅಜ್ಜಿ ತೀರಿಕೊಂಡದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಕೊರೊನಾ ಅಲ್ಲ, ವಯಸ್ಸಾಗಿತ್ತು. ಕೊನೆಯ ಎರಡು ವರ್ಷ ಮರೆವು ಜಾಸ್ತಿಯಾಗಿತ್ತು. ನನ್ನನ್ನು ಅವರ ತಮ್ಮನ ಹೆಸರಿನಿಂದ ಕರೆಯುತ್ತಿದ್ದರು. ದಿನಾ ಸಂಜೆ ಜಗಲಿಗೆ ಹೋಗಬೇಕು ಅನ್ನುತ್ತಿದ್ದರು, ಅಮ್ಮ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಸುದ್ದಿ ಬಂದಾಗ ನಾನು ಬೆಂಗಳೂರಿನಲ್ಲಿದ್ದೆ. ಜಿಲ್ಲೆ ದಾಟಲು ಪಾಸ್ ಬೇಕಿತ್ತು, ಸಿಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮಣ್ಣು ಹಾಕುವುದಕ್ಕೆ ಇಪ್ಪತ್ತು ಜನಕ್ಕಿಂತ ಹೆಚ್ಚು ಸೇರುವ ಹಾಗಿರಲಿಲ್ಲ. ನಾನು ಫೋನಿನಲ್ಲಿ ನೋಡಿದೆ. ಮಧ್ಯದಲ್ಲಿ ನೆಟ್‌ವರ್ಕ್ ಹೋಯಿತು.

ಸ್ಪಿರಿಟ್‌ಫೇರರ್‌ನಲ್ಲಿ ಸ್ಟೆಲ್ಲಾ ಅನ್ನುವ ಹುಡುಗಿಗೆ ಅಂಬಿಗರ ಕೆಲಸ ಸಿಗುತ್ತದೆ. ಸತ್ತವರನ್ನು ಹಡಗಿಗೆ ಹತ್ತಿಸಿಕೊಂಡು, ಅವರು ತಯಾರಾದಾಗ ಆಚೆ ದಡದ ಬಾಗಿಲಿಗೆ ತಲುಪಿಸಬೇಕು. ಅಲ್ಲಿಯವರೆಗೆ ಅವರನ್ನು ನೋಡಿಕೊಳ್ಳಬೇಕು. ಮನೆ ಕಟ್ಟಿಕೊಡಬೇಕು, ಅವರಿಗೆ ಇಷ್ಟವಾದ ಅಡುಗೆ ಯಾವುದು ಅಂತ ಕಂಡುಹಿಡಿದು ಮಾಡಿ ಬಡಿಸಬೇಕು. ಅಪ್ಪಿಕೊಳ್ಳುವುದಕ್ಕೂ ಇದರಲ್ಲಿ ಒಂದು ಬಟನ್ ಇದೆ. ಯಾರನ್ನೂ ಮುಟ್ಟುವ ಹಾಗಿಲ್ಲದ ವರ್ಷದಲ್ಲಿ ನನ್ನ ಕೈಗೆ ಆ ಕೆಲಸ ಸಿಕ್ಕಿತು.

ಹಡಗಿಗೆ ಬರುವವರೆಲ್ಲ ಪ್ರಾಣಿಗಳ ರೂಪದಲ್ಲಿರುತ್ತಾರೆ. ಕಪ್ಪೆಯ ರೂಪದ ಅತುಲ್ ಅಂತ ಒಬ್ಬ, ಊಟ ಅಂದರೆ ಪ್ರಾಣ, ಎಲ್ಲರ ಜೊತೆ ನಗುತ್ತಾ ಇರುವವನು. ಒಂದು ದಿನ ಬೆಳಗ್ಗೆ ನೋಡಿದರೆ ಇಲ್ಲ. ಬಾಗಿಲಿಗೆ ಕರೆದುಕೊಂಡು ಹೋಗು ಅನ್ನಲಿಲ್ಲ, ಹೋಗುತ್ತೇನೆ ಅನ್ನಲಿಲ್ಲ. ಹಡಗೆಲ್ಲ ಹುಡುಕಿದೆ. ಆಟದಲ್ಲಿ ಏನೋ ದೋಷ ಇರಬೇಕು ಅಂದುಕೊಂಡೆ. ಅಲ್ಲ, ಅವನು ಹೋದದ್ದೇ ಹಾಗೆ. ಹೇಳದೆ ಹೋದವರಿಗೆ ನಮ್ಮ ಕೈ ಏನೂ ಮಾಡಲಾಗುವುದಿಲ್ಲ. ಅದನ್ನು ಇಷ್ಟು ನೇರವಾಗಿ ಆಟದೊಳಗೆ ಇಡಲು ಧೈರ್ಯ ಬೇಕು.

ಆಲಿಸ್ ಅಂತ ಇನ್ನೊಬ್ಬರು, ಮೈತುಂಬ ಮುಳ್ಳಿರುವ ಪುಟ್ಟ ಪ್ರಾಣಿಯ ರೂಪದ ಅಜ್ಜಿ. ಮೊದಲು ತುಂಬಾ ಚುರುಕು, ಊರೂರು ನೋಡಬೇಕು ಅನ್ನುತ್ತಾರೆ. ಆಮೇಲೆ ನಡೆಯಲು ಕಷ್ಟವಾಗುತ್ತದೆ. ಸ್ಟೆಲ್ಲಾಳನ್ನು ತನ್ನ ಮಗಳು ಆ್ಯನಿ ಅಂದುಕೊಳ್ಳುತ್ತಾರೆ. ಹಡಗಿನ ಮುಂದಿನ ತುದಿಗೆ ಕರೆದುಕೊಂಡು ಹೋಗು ಅನ್ನುತ್ತಾರೆ. ಕೈ ಹಿಡಿದರೆ ಸ್ಟೆಲ್ಲಾಳ ಓಟವೆಲ್ಲ ನಿಂತುಹೋಗುತ್ತದೆ. ಅಲ್ಲಿಯವರೆಗೆ ಹಾರುತ್ತಾ ಜಿಗಿಯುತ್ತಾ ಇದ್ದ ನನ್ನ ಬೆರಳು ಆ ಅಜ್ಜಿಯ ಹೆಜ್ಜೆಗೆ ಹೊಂದಿಕೊಳ್ಳಬೇಕು. ಅವಸರ ಮಾಡಲು ಬಟನ್ ಇಲ್ಲ.

ಅಮ್ಮ ಅಡುಗೆಮನೆಯಿಂದ ಬಂದು ಹಿಂದೆ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. "ಯಾರದು?" ಅಂದರು. ಹೇಳಿದೆ. ಈ ಆಟವನ್ನು ಇಬ್ಬರು ಆಡಬಹುದು. ಸ್ಟೆಲ್ಲಾಳ ಜೊತೆ ಡ್ಯಾಫೋಡಿಲ್ ಅನ್ನುವ ಬೆಕ್ಕು ಇದೆ, ಎರಡನೆಯವರು ಅದನ್ನು ಆಡಿಸಬೇಕು. ಇನ್ನೊಂದು ಕಂಟ್ರೋಲರ್ ಅಮ್ಮನ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ಬೆಕ್ಕು ಮೊದಲು ಗೋಡೆಗೆ ಡಿಕ್ಕಿ ಹೊಡೆಯಿತು, ಮೇಲೆ ಹಾರಿತು, ಹಿಂದಕ್ಕೆ ಓಡಿತು. ಆಮೇಲೆ ನಿಧಾನಕ್ಕೆ ನಮ್ಮ ಹಿಂದೆ ಬಂತು. "ಅತ್ತೆಗೆ ಎಡಗಾಲು ನೋವಿತ್ತು, ಮೆಟ್ಟಿಲ ಹತ್ರ ಯಾವಾಗ್ಲೂ ನಿಲ್ತಿದ್ರು" ಅಂದರು ಅಮ್ಮ. ಆಟದಲ್ಲಿ ಹಾಗೆ ನಿಲ್ಲಬೇಕಾಗಿರಲಿಲ್ಲ. ನಾನು ಏಣಿಯ ಹತ್ತಿರ ಬೆರಳು ತೆಗೆದು ಸ್ವಲ್ಪ ಹೊತ್ತು ನಿಂತೆ. ಬೆಕ್ಕೂ ನಿಂತಿತು. ಆಮೇಲೆ ಮೂವರೂ ಹಡಗಿನ ತುದಿಗೆ ಹೋದೆವು.